ಮೊದಲು ಗರಿ, ಆಮೇಲೆ ಕ್ಯಾಮೆರಾ: ಹಳೆಯ ಬೌದ್ಧ ಹಸ್ತಪ್ರತಿಗಳನ್ನು ಕಾಪಾಡಿ ಡಿಜಿಟಲ್ ಮಾಡುವ ಸಮಗ್ರ ಮಾರ್ಗದರ್ಶಿ

ಮುಂಬೈ ಬೋರಿವಲಿಯ ಕಾಡಿನಲ್ಲಿರುವ ಕಾನ್ಹೇರಿ ಗುಹೆಗಳಲ್ಲಿ 9ನೇ ಶತಮಾನದ ಒಂದು ಶಾಸನ ಇದೆ. ಆಗ ಆಳುತ್ತಿದ್ದವನು ನಮ್ಮ ಅಮೋಘವರ್ಷ ನೃಪತುಂಗ. ಕೊಂಕಣವನ್ನು ಅವನ ಸಾಮಂತರಾದ ಶಿಲಾಹಾರರು ನೋಡಿಕೊಳ್ಳುತ್ತಿದ್ದರು. ಬುದ್ಧನ ಪೂಜೆಗೆ, ವಿಹಾರದ ದುರಸ್ತಿಗೆ, ಭಿಕ್ಷುಗಳ ಬಟ್ಟೆಗೆ ಎಂದು ದಾನ ಹಂಚಿದ ಆ ಶಾಸನದಲ್ಲಿ ಪುಸ್ತಕಗಳಿಗೂ ಒಂದು ಪಾಲು ಇಟ್ಟಿದ್ದಾರೆ. ದಾನದ ಮಾತು ಕಲ್ಲಿನಲ್ಲಿ ಉಳಿಯಿತು. ಆ ಪುಸ್ತಕಗಳ ಒಂದು ಓಲೆಗರಿಯೂ ಅಲ್ಲಿ ಉಳಿಯಲಿಲ್ಲ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಹವೆಯಲ್ಲಿ ಎಷ್ಟು ನೀರು ಇರುತ್ತದೆ ಎಂದು ಇಲ್ಲಿ ಬಟ್ಟೆ ಒಣಗಿಸಿದವರಿಗೆಲ್ಲ ಗೊತ್ತು. ಬೌದ್ಧ ಹಸ್ತಪ್ರತಿಗಳು ಬದುಕಿದ್ದು ಚಳಿ ಇರುವ, ಒಣಗಿದ ನಾಡುಗಳಲ್ಲಿ. 1931ರಲ್ಲಿ ಗಿಲ್ಗಿಟ್ ಹತ್ತಿರ ಭೂರ್ಜಪತ್ರದ (ಮರದ ತೊಗಟೆಯ ಹಾಳೆಗಳ) ದೊಡ್ಡ ರಾಶಿ ಸಿಕ್ಕಿತು. ಅದರ ಮುಖ್ಯ ಭಾಗ ಈಗ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಗಾಂಧಾರದ (ಇವತ್ತಿನ ಪಾಕಿಸ್ತಾನ-ಅಫ್ಘಾನಿಸ್ತಾನದ ಕಡೆಯ) ಖರೋಷ್ಠಿ ಲಿಪಿಯ ಸುರುಳಿಗಳು ಸುಮಾರು 2000 ವರ್ಷ ಮಣ್ಣಿನ ಮಡಕೆಗಳೊಳಗೆ ಉಳಿದವು. ನೇಪಾಳದ ವಿಹಾರಗಳು ತಮ್ಮ ಓಲೆಗಳನ್ನು ಬಿಡದೆ ಕಾಪಾಡಿದವು. 1930ರ ದಶಕದಲ್ಲಿ ರಾಹುಲ ಸಾಂಕೃತ್ಯಾಯನರು ಟಿಬೆಟ್ಟಿನ ಮಠಗಳಿಗೆ ಹೋಗಿ, ಭಾರತದಲ್ಲಿ ಕಳೆದೇ ಹೋಗಿದ್ದ ಸಂಸ್ಕೃತ ಗ್ರಂಥಗಳ ಫೋಟೋ ತೆಗೆದುಕೊಂಡು ಬಂದರು.

ಹಾಗಾಗಿ ಇವತ್ತು ಮುಂಬೈ, ಪುಣೆ, ಗೋವಾದಲ್ಲಿ ನಮ್ಮ ಕೈಗೆ ಬರುವ ಬೌದ್ಧ ಹಸ್ತಪ್ರತಿ ಬಹುಮಟ್ಟಿಗೆ ಬೇರೆ ಕಡೆಯಿಂದ ಬಂದದ್ದೇ ಆಗಿರುತ್ತದೆ. ವಿಹಾರಕ್ಕೆ ಶ್ರೀಲಂಕಾದಿಂದಲೋ ಬರ್ಮಾದಿಂದಲೋ ಕಾಣಿಕೆಯಾಗಿ ಬಂದ ಓಲೆಕಟ್ಟು, ಯಾರೋ ಸಂಗ್ರಹಿಸಿಟ್ಟ ನೇಪಾಳಿ ಪೋಥಿ (ಬಿಡಿ ಹಾಳೆಗಳ ಗ್ರಂಥ), ಟಿಬೆಟಿನ ಉದ್ದ ಹಾಳೆಗಳ ಗ್ರಂಥ, ಹೀಗೆ. ಒಣ ನಾಡಿನಲ್ಲಿ ಶತಮಾನಗಟ್ಟಲೆ ಬದುಕಿದ್ದು ನಮ್ಮ ಮಳೆಗಾಲಕ್ಕೆ ಸಿಕ್ಕಿದೆ. ಅಂಥದ್ದು ನಿಮ್ಮ ವಿಹಾರದಲ್ಲೋ, ಪರಿಚಯದವರ ಮನೆಯಲ್ಲೋ ಇದ್ದರೆ ಏನು ಮಾಡಬೇಕು ಎಂದು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಫೋಟೋ ತೆಗೆದರೆ ಗ್ರಂಥ ಉಳಿಯಿತು ಎಂದು ಬಹಳ ಜನ ನಂಬಿದ್ದಾರೆ. ಅದು ಅರ್ಧ ಸತ್ಯ. ಮಸಿ ಯಾವುದು, ಗರಿಯನ್ನು ಎಲ್ಲಿ ಬೆಳೆದರು, ಯಾವ ಕಾಲದ್ದು ಎಂಬುದನ್ನು ನಾಳೆ ಪರೀಕ್ಷಿಸಬೇಕಾದರೆ ಮೂಲವೇ ಬೇಕು. ಆದ್ದರಿಂದ ಕ್ಯಾಮೆರಾದ ಮಾತು ಈ ಬರಹದಲ್ಲಿ ಸ್ವಲ್ಪ ತಡವಾಗಿಯೇ ಬರುತ್ತದೆ.

ಹಂತ 1: ಯಾರದ್ದು, ಯಾರ ಒಪ್ಪಿಗೆ ಬೇಕು

ಕಟ್ಟು ಬಿಚ್ಚುವ ಮೊದಲು ಇದು ಯಾರ ಆಸ್ತಿ ಎಂದು ಕೇಳಿ. ವಿಹಾರದ್ದಾದರೆ ಭಂತೇಜಿ (ಅಲ್ಲಿನ ಭಿಕ್ಷು) ಬಾಯಿಮಾತಿನಲ್ಲಿ ಹೂಂ ಅಂದರೆ ಸಾಲದು, ಟ್ರಸ್ಟ್‌ನ ಲಿಖಿತ ಒಪ್ಪಿಗೆ ಬೇಕು. ಚಿತ್ರಗಳನ್ನು ಎಲ್ಲಿ ಇಡುತ್ತೀರಿ, ಯಾರಿಗೆ ತೋರಿಸುತ್ತೀರಿ, ಎಲ್ಲರಿಗೂ ಬಿಡುತ್ತೀರೋ ಇಲ್ಲವೋ ಎಂದು ಅದೇ ಕಾಗದದಲ್ಲಿ ಬರೆದುಕೊಳ್ಳಿ. ಬೌದ್ಧರ ತಾಂತ್ರಿಕ ಪಂಥವಾದ ವಜ್ರಯಾನದ ಕೆಲವು ಗ್ರಂಥಗಳನ್ನು ದೀಕ್ಷೆ ಪಡೆದವರು ಮಾತ್ರ ಓದಬೇಕು ಎಂಬ ಕಟ್ಟಳೆ ಇದೆ. ಅಂಥವನ್ನು ಚಿತ್ರ ತೆಗೆದು ಕಾಪಾಡಬಹುದು, ಎಲ್ಲರ ಮುಂದೆ ಇಡುವ ವಿಷಯದಲ್ಲಿ ಅವರ ಮಾತು ಕೇಳಬೇಕು.

ಕಾನೂನು ಕೂಡ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಕ ಬೆಲೆ ಇರುವ ಹಸ್ತಪ್ರತಿ ಪುರಾವಸ್ತು ಎನಿಸಿಕೊಳ್ಳುತ್ತದೆ. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಚಿತ್ರಗಳಿರುವ ಹಸ್ತಪ್ರತಿಯಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಲ್ಲಿ ನೋಂದಾಯಿಸಬೇಕು. ಪರದೇಶದಲ್ಲಿರುವ ಮಗನ ಹತ್ತಿರ ಕಳಿಸಿ ಸ್ಕ್ಯಾನ್ ಮಾಡಿಸೋಣ ಎನ್ನುವ ಯೋಚನೆ ಇದ್ದರೆ ಇಲ್ಲೇ ಬಿಟ್ಟುಬಿಡಿ.

ಮರ್ಯಾದೆಯ ವಿಷಯ ಒಂದಿದೆ. ಗ್ರಂಥವನ್ನು ನೆಲದ ಮೇಲೆ ಇಡಬೇಡಿ, ದಾಟಬೇಡಿ. ಟಿಬೆಟಿನವರು ಇದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ಬೈಲಕುಪ್ಪೆ, ಮುಂಡಗೋಡಿನ ಮಠಗಳಿಗೆ ಹೋದವರು ನೋಡಿರುತ್ತೀರಿ, ಗ್ರಂಥಗಳಿಗೆ ಯಾವಾಗಲೂ ಎತ್ತರದ ಜಾಗ.

ಹಂತ 2: ಎದುರಿಗಿರುವುದು ಯಾವ ವಸ್ತು

ಇಲ್ಲಿ ನಿಧಾನ ಮಾಡಿ. ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ.

ಓಲೆಗರಿಯಲ್ಲಿ ಎರಡು ಬಗೆಯ ಬರವಣಿಗೆ ಇದೆ. ಶ್ರೀಲಂಕಾ, ಬರ್ಮಾ ಮತ್ತು ನಮ್ಮ ದಕ್ಷಿಣದ ಪದ್ಧತಿಯಲ್ಲಿ ಕಬ್ಬಿಣದ ಕಂಟದಿಂದ ಗೀರಿ, ಆಮೇಲೆ ಮಸಿ ತುಂಬುತ್ತಾರೆ. ಅಕ್ಷರ ಗರಿಯ ಒಳಗೆ ಕೊರೆದಿರುತ್ತದೆ. ನೇಪಾಳ ಮತ್ತು ಪಾಲ ಅರಸರ ಕಾಲದ ಬಂಗಾಳ-ಬಿಹಾರದ ಪದ್ಧತಿಯಲ್ಲಿ ಲೇಖನಿಯಿಂದ ಮಸಿಯಲ್ಲಿ ಬರೆಯುತ್ತಾರೆ. ಅಕ್ಷರ ಮೇಲ್ಮೈಯಲ್ಲಿ ಮಾತ್ರ ಇರುತ್ತದೆ. ಭೂತಗನ್ನಡಿಯಲ್ಲಿ ಓರೆಯಾಗಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಇದು ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ಓಲೆಗೆ ಎಣ್ಣೆ ಸವರಿ ಒರೆಸುವ ರೂಢಿ ಇದೆ. ಕೊರೆದ ಅಕ್ಷರ ಅದನ್ನು ತಡೆದುಕೊಂಡೀತು. ಮಸಿಯಲ್ಲಿ ಬರೆದ ನೇಪಾಳಿ ಗರಿಗೆ ಅದನ್ನೇ ಮಾಡಿದರೆ ಅಕ್ಷರ ಬಟ್ಟೆಗೆ ಬಂದುಬಿಡುತ್ತದೆ. ಬಗೆ ಖಚಿತ ಆಗುವವರೆಗೆ ಯಾವ ಗರಿಗೂ ಒದ್ದೆ ಬಟ್ಟೆ, ಎಣ್ಣೆ, ಸ್ಪಿರಿಟ್ ಮುಟ್ಟಿಸಬೇಡಿ.

ಭೂರ್ಜಪತ್ರ ಎಂದರೆ ಹಿಮಾಲಯದ ಮರದ ತೊಗಟೆ. ತೆಳು ಪದರಗಳು ಒಂದರ ಮೇಲೊಂದು ಅಂಟಿಕೊಂಡಿರುತ್ತವೆ. ವಯಸ್ಸಾದಂತೆ ಅಂಟು ಒಣಗಿ ಪದರ ಬಿಚ್ಚಿಕೊಳ್ಳುತ್ತದೆ, ಮುಟ್ಟಿದರೆ ಪುಡಿಯಾಗುತ್ತದೆ. ಸುರುಳಿಯಾಗಿರುವ ಭೂರ್ಜಪತ್ರ ಸಿಕ್ಕಿದರೆ ಬಿಡಿಸಲು ಹೋಗಲೇಬೇಡಿ. ಇದು ತಜ್ಞರ ಕೆಲಸ. ಪೆಟ್ಟಿಗೆಯಲ್ಲಿ ಇದ್ದ ಹಾಗೆಯೇ ಇಟ್ಟು ಫೋನ್ ಮಾಡಿ.

ನೇಪಾಳಿ ಕಾಗದದ ಪೋಥಿಯಲ್ಲಿ ಒಂದು ಅಪಾಯ ಅಡಗಿದೆ. ಹುಳು ಹತ್ತದಿರಲಿ ಎಂದು ಕಾಗದಕ್ಕೆ ಹರಿತಾಳ ಬಳಿಯುತ್ತಿದ್ದರು. ಚೆಂದದ ಹಳದಿ ಬಣ್ಣ. ಆದರೆ ಹರಿತಾಳದಲ್ಲಿ ಆರ್ಸೆನಿಕ್ ಇದೆ, ವಿಷ. ಹಳದಿ ಬಳಿದ ಹಾಳೆ ಕಂಡರೆ ನೈಟ್ರೈಲ್ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ಅಭ್ಯಾಸ ಇರುವವರನ್ನು ಮೊದಲೇ ಎಚ್ಚರಿಸಿ. ಆ ಮೇಜಿನ ಮೇಲೆ ಚಹಾ ಬೇಡ.

ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೂ ಬರುತ್ತದೆ. ಪ್ರವಾಸಿಗರಿಗೆಂದೇ ಹೊಸದಾಗಿ ಬರೆದು ಹೊಗೆ ಹಿಡಿಸಿದ ಗ್ರಂಥಗಳು ಮಾರುಕಟ್ಟೆಯಲ್ಲಿವೆ. ಹುಳು ತಿಂದ ತೂತನ್ನು ನೋಡಿ. ತೂತು ಅಕ್ಷರವನ್ನು ಕತ್ತರಿಸಿಕೊಂಡು ಹೋಗಿರಬೇಕು, ಅಕ್ಕಪಕ್ಕದ ಗರಿಗಳಲ್ಲೂ ಅದೇ ಜಾಗದಲ್ಲಿ ಮುಂದುವರಿದಿರಬೇಕು. ಅಕ್ಷರವೇ ತೂತನ್ನು ತಪ್ಪಿಸಿ ಪಕ್ಕಕ್ಕೆ ಸರಿದಿದ್ದರೆ, ತೂತು ಬಿದ್ದ ಹಳೆ ಗರಿಯ ಮೇಲೆ ಆಮೇಲೆ ಬರೆದದ್ದು ಎಂದು ಅರ್ಥ.

ಹಂತ 3: ಹವೆ ಮತ್ತು ಜಾಗ

ಹಸ್ತಪ್ರತಿಗೆ ಸಾಪೇಕ್ಷ ಆರ್ದ್ರತೆ (ಹವೆಯಲ್ಲಿನ ತೇವದ ಪ್ರಮಾಣ) ಸುಮಾರು 50ರಿಂದ 55 ಪರ್ಸೆಂಟ್, ತಾಪಮಾನ 20ರಿಂದ 24 ಡಿಗ್ರಿ ಇದ್ದರೆ ಚೆನ್ನ. ಆರ್ದ್ರತೆ 65 ದಾಟಿದರೆ ಬೂಷ್ಟಿನ ಭಯ. ಮುಂಬೈಯ ಮಳೆಗಾಲದಲ್ಲಿ 80, 90 ಮಾಮೂಲು. ಪುಣೆಯ ಕಷ್ಟ ಇನ್ನೊಂದು ಬಗೆಯದು. ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿ ಹವೆ ತೀರಾ ಒಣಗಿ ಗರಿ ಗರಗರ ಆಗುತ್ತದೆ, ಅಂಚು ಸೀಳುತ್ತದೆ.

ಆರ್ದ್ರತೆ ಅಳೆಯುವ ಒಂದು ಹೈಗ್ರೋಮೀಟರ್ ಕೊಳ್ಳಿ. ಕೆಲವೇ ನೂರು ರೂಪಾಯಿ. ಅದು ಸರಿ ತೋರಿಸುತ್ತದೆಯೇ ಎಂದು ಪರೀಕ್ಷೆ ಮಾಡುವುದು ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಂತಾಗುವಷ್ಟೇ ನೀರು ಬೆರೆಸಿ. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಯಾವಾಗಲೂ 5 ಕಳೆದು ಓದಿ.

ಏಸಿ ಇದ್ದರೆ ಎಲ್ಲ ಸರಿ ಎಂದುಕೊಳ್ಳಬೇಡಿ. ಹಗಲು ಆಫೀಸಿನ ಹೊತ್ತಿನಲ್ಲಿ ಓಡಿಸಿ ರಾತ್ರಿ ಆರಿಸುವ ಏಸಿ ಗರಿಗೆ ಬಹಳ ಕೆಟ್ಟದ್ದು. ದಿನಕ್ಕೊಮ್ಮೆ ಹಿಗ್ಗಿ ಕುಗ್ಗಿದರೆ ಮಸಿ ಸಿಪ್ಪೆಯಂತೆ ಎದ್ದು ಬರುತ್ತದೆ. ದಿನಪೂರ್ತಿ ನಡೆಸಲು ಆಗದಿದ್ದರೆ ಏಸಿಯೇ ಇಲ್ಲದ, ದಪ್ಪ ಗೋಡೆಯ, ನಡುಮನೆಯ ಕೋಣೆ ಎಷ್ಟೋ ವಾಸಿ. ಬೀರುವನ್ನು ಹೊರಗೋಡೆಗೆ ಒರಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಕೆಳಗಿನ ಕಪಾಟು ನೆಲದಿಂದ ಒಂದು ಗೇಣು ಎತ್ತರ ಇರಲಿ, ಮುಂಬೈಯಲ್ಲಿ ಮನೆಗೆ ನೀರು ನುಗ್ಗುವುದು ಹೊಸದೇನಲ್ಲ. ಮೇಲಿನ ಮಹಡಿಯ ಬಚ್ಚಲು ಎಲ್ಲಿ ಬರುತ್ತದೆ ಎಂದೂ ನೋಡಿಕೊಳ್ಳಿ.

ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ (ತೇವ ಹೀರುವ ಹರಳು) ಇಡಬಹುದು. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ಗರಿಗೆ ನೇರವಾಗಿ ತಾಗದಂತೆ ಬಟ್ಟೆ ಚೀಲದಲ್ಲಿರಲಿ.

ಸುತ್ತುವ ಬಟ್ಟೆಯ ಬಗ್ಗೆ ಜಾಸ್ತಿ ಜನ ಕೇಳುತ್ತಾರೆ. ಕೆಂಪು ಬಟ್ಟೆ ಸಂಪ್ರದಾಯ. ಆದರೆ ಅಗ್ಗದ ಕೆಂಪು ಬಟ್ಟೆ ಒಂದು ಸಲ ಒದ್ದೆಯಾದರೆ ಬಣ್ಣ ಗರಿಗೆ ಇಳಿಯುತ್ತದೆ. ಗಂಜಿಯೆಲ್ಲ ಬಿಟ್ಟುಹೋಗುವಂತೆ ಚೆನ್ನಾಗಿ ಒಗೆದ, ಬಣ್ಣ ಹಾಕದ ಹತ್ತಿ ಬಟ್ಟೆಯನ್ನು ಒಳಗಡೆ ಸುತ್ತಿ. ಸಂಪ್ರದಾಯ ಬೇಕೆಂದರೆ ಅದರ ಮೇಲೆ ಕೆಂಪು ಸುತ್ತಿ. ಎರಡೂ ಕಡೆ ಗರಿಗಿಂತ ಸ್ವಲ್ಪ ದೊಡ್ಡದಾದ ಮರದ ಹಲಗೆ ಬೇಕು. ದಾರ ಬಿಗಿಯಾಗಿರಬಾರದು, ಹಲಗೆ ಅಲುಗದಷ್ಟು ಇದ್ದರೆ ಸಾಕು.

ಹಂತ 4: ಧೂಳು, ಬೂಷ್ಟು, ಹುಳು

ಕಟ್ಟು ಬಿಚ್ಚುವ ದಿನ ಮಳೆ ಇರಬಾರದು. ಮುಂಬೈಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ, ಪುಣೆಯಲ್ಲಿ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬಿಚ್ಚುವ ಮೊದಲು ಕಟ್ಟಿದ ರೀತಿಯ ಫೋಟೋ ತೆಗೆಯಿರಿ. ಗಂಟು ಕೂಡ ಒಂದು ದಾಖಲೆ.

ಕೈ ತೊಳೆದು, ಪೂರ್ತಿ ಒಣಗಿಸಿ, ಬರಿಗೈಯಲ್ಲೇ ಮುಟ್ಟಿ. ಬಿಳಿ ಹತ್ತಿ ಗ್ಲೌಸ್ ನೋಡಲು ಚೆನ್ನ, ಆದರೆ ಅದರ ಎಳೆ ಗರಿಯ ಸೀಳಿಗೆ ಸಿಕ್ಕಿ ಚೂರು ಎದ್ದು ಬರುತ್ತದೆ. ಗರಿ ಎಷ್ಟು ಬಾಗುತ್ತಿದೆ ಎಂದು ಬೆರಳಿಗೂ ತಿಳಿಯುವುದಿಲ್ಲ. ಹರಿತಾಳ ಮತ್ತು ಬೂಷ್ಟು ಇದ್ದಲ್ಲಿ ಮಾತ್ರ ನೈಟ್ರೈಲ್ ಗ್ಲೌಸ್. ಗರಿಯನ್ನು ಎರಡೂ ಕೈಯಲ್ಲಿ ಎತ್ತಬೇಕು. ದಾರದ ಉದ್ದಕ್ಕೆ ಎಳೆದರೆ ತೂತಿನ ಅಂಚು ಹರಿಯುತ್ತದೆ, ಬದಲಿಗೆ ದಾರವನ್ನೇ ಮೆಲ್ಲಗೆ ಹೊರತೆಗೆಯಿರಿ. ಆ ಹಳೆ ದಾರವನ್ನು ಬಿಸಾಡಬೇಡಿ, ಪುಟ್ಟ ಕವರಿನಲ್ಲಿ ಹಾಕಿ ಹೆಸರು ಬರೆದಿಡಿ.

ಧೂಳಿಗೆ ಅಗಲವಾದ ಮೆತ್ತನೆ ಬ್ರಷ್ ಸಾಕು. ಮಧ್ಯದಿಂದ ಅಂಚಿನ ಕಡೆಗೆ ಹಗುರವಾಗಿ ಗುಡಿಸಿ. ಮಸಿ ಏಳುತ್ತಿರುವ ಜಾಗ, ಚಿತ್ರ ಇರುವ ಜಾಗ ಬಿಟ್ಟುಬಿಡಿ. ಅಂಟಿಕೊಂಡ ಗರಿಗಳ ನಡುವೆ ಚಾಕು, ಸ್ಕೇಲ್ ತೂರಿಸಬೇಡಿ. ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಹರಿದ ಚೂರುಗಳನ್ನು ಯಾವ ಗರಿಯ ಹತ್ತಿರ ಸಿಕ್ಕಿತೋ ಆ ಸಂಖ್ಯೆ ಬರೆದ ಕವರಿನಲ್ಲಿ ಇಡಿ.

ಬೂಷ್ಟು ಕಂಡರೆ ಬಿಸಿಲಿಗೆ ಹಾಕೋಣ ಎಂದು ಮನೆಯ ಹಿರಿಯರು ಖಂಡಿತ ಹೇಳುತ್ತಾರೆ. ಬೇಡ. ಬಿಸಿಲಿಗೆ ಗರಿ ಮುರುಟುತ್ತದೆ, ಮಸಿಯ ಪದರ ಒಡೆಯುತ್ತದೆ. ಆ ಕಟ್ಟನ್ನು ಬೇರೆಯವುಗಳಿಂದ ದೂರ ಇಡಿ, ಫ್ಯಾನ್ ಇರುವ ಒಣ ಕೋಣೆಯಲ್ಲಿ ನೆರಳಿನಲ್ಲೇ ಒಣಗಲಿ. ಪೂರ್ತಿ ಒಣಗಿದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು ಬ್ರಷ್ ಮಾಡಿ. ಆಸ್ತಮಾ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ಹುಳುವಿಗೆ ನಮ್ಮ ಹಿರಿಯರ ಉಪಾಯವೇ ಈಗಲೂ ಒಳ್ಳೆಯದು. ಬಜೆ (ಮರಾಠಿಯವರು ವೇಖಂಡ ಅನ್ನುತ್ತಾರೆ, ಯಾವ ಗ್ರಂಧಿಗೆ ಅಂಗಡಿಯಲ್ಲೂ ಸಿಗುತ್ತದೆ), ಲವಂಗ, ಒಣ ಬೇವಿನೆಲೆ ಪುಡಿ ಮಾಡಿ ಪುಟ್ಟ ಬಟ್ಟೆ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಯಲ್ಲಿಡಿ. ಗರಿಗಳ ನಡುವೆ ಇಡಬಾರದು, ಕಲೆ ಬೀಳುತ್ತದೆ. ಇದು ಹುಳು ಬರದಂತೆ ತಡೆಯಲು ಮಾತ್ರ. ಈಗಾಗಲೇ ಹತ್ತಿದ ಹುಳು ಇದರಿಂದ ಸಾಯುವುದಿಲ್ಲ. ಗರಿಯಿಂದ ಹೊಸದಾಗಿ ನುಣ್ಣನೆ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಜೀವಂತ ಇದೆ ಎಂದೇ ತಿಳಿಯಿರಿ. ಪ್ರಯೋಗಾಲಯದಲ್ಲಿ ಅತಿ ತಂಪಿನಲ್ಲಿಟ್ಟೋ, ಆಮ್ಲಜನಕ ತೆಗೆದೋ ಕೊಲ್ಲುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಹಳೆಯ ಕಟ್ಟುಗಳಲ್ಲಿ ಬಿಳಿ ಪುಡಿ ಕಂಡರೆ ಅದು ಹಿಂದೆ ಯಾರೋ ಹಾಕಿದ ಡಿಡಿಟಿ ಇರಬಹುದು, ಮೂಗಿಗೆ ಹತ್ತಿರ ತರಬೇಡಿ.

ಆಯುಧಪೂಜೆ, ಸರಸ್ವತಿ ಪೂಜೆಯ ದಿನ ನಮ್ಮ ಮನೆಗಳಲ್ಲಿ ಗ್ರಂಥಕ್ಕೆ ಅರಿಶಿನ ಕುಂಕುಮ ಹಚ್ಚುವುದುಂಟು. ಭಕ್ತಿ ಇರಲಿ, ಕುಂಕುಮವನ್ನು ಹೊರಗಿನ ಬಟ್ಟೆಗೆ ಹಚ್ಚಿ.

ದುರಸ್ತಿ ಬೇಕಾದರೆ ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವನ್ನು ಕೇಳಬಹುದು. 1917ರಲ್ಲಿ ಹುಟ್ಟಿದ ಸಂಸ್ಥೆ ಅದು, ಸಾವಿರಾರು ಹಸ್ತಪ್ರತಿಗಳನ್ನು ನೋಡಿಕೊಂಡ ಅನುಭವ ಇದೆ. ಮುಂಬೈಯಲ್ಲಿ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ಸಂರಕ್ಷಣಾ ಕೇಂದ್ರ ಇದೆ.

ಹಂತ 5: ಎಣಿಸಿ, ಕ್ರಮ ಹಿಡಿದು, ಪಟ್ಟಿ ಮಾಡಿ

ಗರಿಯ ಮೇಲೆ ಪೆನ್ನಿನಲ್ಲಾಗಲಿ ಪೆನ್ಸಿಲಿನಲ್ಲಾಗಲಿ ಸಂಖ್ಯೆ ಬರೆಯಬೇಡಿ. ಮೂಲ ಸಂಖ್ಯೆ ಅಂಚಿನಲ್ಲೇ ಇರುತ್ತದೆ. ಬರ್ಮಾದ ಕಟ್ಟುಗಳಲ್ಲಿ ಅಂಕಿಯ ಬದಲು ಕಾಗುಣಿತ ಬಳಸುತ್ತಾರೆ. ಕ, ಕಾ, ಕಿ, ಕೀ ಎಂದು ಒಂದು ವ್ಯಂಜನಕ್ಕೆ 12 ಗರಿ, ಆಮೇಲೆ ಖ, ಖಾ ಶುರು. ಪಾಲಿಯಲ್ಲಿ ಕೃ ಇಲ್ಲ, ಎ-ಏ, ಒ-ಓ ಎಂದು ಎರಡೆರಡು ಇಲ್ಲ, ಅದಕ್ಕೇ 12. ಅಂಚಿನಲ್ಲಿ ‘ಗಿ’ ಇದ್ದರೆ ಅದು 27ನೇ ಗರಿ. ಕನ್ನಡ ಶಾಲೆಯಲ್ಲಿ ಓದಿದವರು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುತ್ತಾರೆ.

ಯಾವ ಗ್ರಂಥ ಎಂದು ಗುರುತಿಸಲು ಮೊದಲ ಮತ್ತು ಕೊನೆಯ ಗರಿ ನೋಡಿ. ‘ನಮೋ ತಸ್ಸ ಭಗವತೋ ಅರಹತೋ ಸಮ್ಮಾಸಂಬುದ್ಧಸ್ಸ’ ಎಂದು ಶುರುವಾದರೆ ಪಾಲಿ. ಕೊನೆಯಲ್ಲಿ ‘ಯೇ ಧರ್ಮಾ ಹೇತುಪ್ರಭವಾ’ ಎಂಬ ಶ್ಲೋಕ ಇದ್ದರೆ ಬಹುಶಃ ನೇಪಾಳದ ಕಡೆಯ ಸಂಸ್ಕೃತ ಗ್ರಂಥ. ಪಾಲಿಯಾದರೆ ನಾಸಿಕದ ಹತ್ತಿರದ ಇಗತಪುರಿಯ ವಿಪಶ್ಯನಾ ಸಂಶೋಧನ ಸಂಸ್ಥೆಯವರು ತಿಪಿಟಕವನ್ನು (ಬೌದ್ಧರ ಮೂಲ ಪಾಲಿ ಗ್ರಂಥಗಳ ಸಂಗ್ರಹವನ್ನು) ಹಲವು ಲಿಪಿಗಳಲ್ಲಿ ಅಂತರ್ಜಾಲದಲ್ಲಿ ಇಟ್ಟಿದ್ದಾರೆ, ಕನ್ನಡ ಲಿಪಿಯಲ್ಲೂ ಇದೆ. 1954ರಿಂದ 56ರವರೆಗೆ ರಂಗೂನಿನಲ್ಲಿ ನಡೆದ ಆರನೇ ಸಂಗೀತಿಯ (ಭಿಕ್ಷುಗಳ ಮಹಾಸಭೆಯ) ಪಾಠ ಅದು. ನಾಲ್ಕು ಪದ ಓದಿಕೊಂಡು ಅಲ್ಲಿ ಹುಡುಕಿದರೆ ಯಾವ ‘ಸುತ್ತ’ (ಬುದ್ಧನ ಉಪದೇಶ) ಎಂದು ಸಿಕ್ಕಿಬಿಡುತ್ತದೆ.

‘ಇದು ಅಚ್ಚಾಗಿದೆಯಲ್ಲ, ಮತ್ತೆ ಯಾಕೆ?’ ಎಂದು ಕೇಳುವವರಿಗೆ ಒಂದು ಹೆಸರು ಹೇಳುತ್ತೇನೆ. ಗೋವಾದ ಸಾಂಖವಾಳದಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರು ಪಾಲಿ ಕಲಿಯಲು ಶ್ರೀಲಂಕಾ, ಬರ್ಮಾಕ್ಕೆ ಹೋದರು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಲಿ ಕಲಿಸಿದರು, ಹಾರ್ವರ್ಡ್‌ನಲ್ಲಿ ವಿಸುದ್ಧಿಮಗ್ಗ ಎಂಬ ಪಾಲಿ ಗ್ರಂಥದ ಪರಿಷ್ಕರಣೆಗೆ ದುಡಿದರು. ಅಂಥ ಕೆಲಸಕ್ಕೆ ಒಂದೇ ಗ್ರಂಥದ ಬೇರೆ ಬೇರೆ ಪ್ರತಿಗಳು ಬೇಕು. ಒಂದರಲ್ಲಿ ಬಿಟ್ಟುಹೋದ ಸಾಲು ಇನ್ನೊಂದರಲ್ಲಿ ಸಿಗುತ್ತದೆ. ಇನ್ನೊಂದು ವಿಷಯ, ಕೊನೆಯ ಗರಿಯಲ್ಲಿ ಬರೆದವನ ಹೆಸರು, ಬರೆಸಿದವರ ಹೆಸರು, ಊರು, ವರ್ಷ ಇರುತ್ತವೆ. ಅದು ಯಾವ ಅಚ್ಚು ಪುಸ್ತಕದಲ್ಲೂ ಬರುವುದಿಲ್ಲ.

ವರ್ಷ ಹೊಂದಿಸುವ ಲೆಕ್ಕ ಹೀಗೆ. ನೇಪಾಳ ಸಂವತ್‌ಗೆ 879 ಅಥವಾ 880 ಕೂಡಿಸಿ. ಬರ್ಮಾ ವರ್ಷಕ್ಕೆ 638 ಅಥವಾ 639. ಶಕಕ್ಕೆ 78 ಅಥವಾ 79. ಲಂಕಾ, ಬರ್ಮಾದ ಬುದ್ಧವರ್ಷದಿಂದ 544 ಅಥವಾ 543 ಕಳೆಯಿರಿ. ಬರ್ಮಾ ವರ್ಷ 1210 ಎಂದಿದ್ದರೆ 1848 ಅಥವಾ 1849. ತಿಂಗಳು ತಿಳಿಯದಿದ್ದರೆ ಎರಡೂ ವರ್ಷ ಬರೆಯಿರಿ.

ಪಟ್ಟಿಯಲ್ಲಿ ಇವಿಷ್ಟು ಬೇಕೇ ಬೇಕು: ಕಟ್ಟಿನ ಸಂಖ್ಯೆ, ಗ್ರಂಥದ ಹೆಸರು, ಭಾಷೆ, ಲಿಪಿ, ವಸ್ತು, ಗರಿಯ ಉದ್ದಗಲ, ಒಟ್ಟು ಗರಿ, ಇಲ್ಲದ ಗರಿಗಳು, ಒಂದು ಬದಿಗೆ ಎಷ್ಟು ಸಾಲು, ಕೊನೆಯ ಬರಹದ ಸಾರಾಂಶ, ಸ್ಥಿತಿ, ಎಲ್ಲಿಂದ ಬಂತು. ಕೊನೆಯದನ್ನು ಹಿರಿಯರನ್ನು ಕೇಳಿ ಇವತ್ತೇ ಬರೆದುಕೊಳ್ಳಿ. ಯಾವ ಭಿಕ್ಷು ತಂದರು, ಯಾವ ಸಮಾರಂಭದಲ್ಲಿ ಕೊಟ್ಟರು ಎಂಬುದು ಈಗ ಇಬ್ಬರು ಮೂವರಿಗೆ ನೆನಪಿರಬಹುದು, ಮುಂದೆ ಯಾರಿಗೂ ಇರುವುದಿಲ್ಲ.

ಹಂತ 6: ಚಿತ್ರ ತೆಗೆಯುವುದು

ಫ್ಲಾಟ್‌ಬೆಡ್ ಸ್ಕ್ಯಾನರ್ ಬೇಡ. ಮುಚ್ಚಳ ಒತ್ತಿದರೆ ಬಾಗಿದ ಗರಿ ಸೀಳುತ್ತದೆ. ಮೇಲಿನಿಂದ ಕೆಳಗೆ ನೋಡುವಂತೆ ಸ್ಟ್ಯಾಂಡಿಗೆ ಕೂರಿಸಿದ ಕ್ಯಾಮೆರಾ ಬೇಕು. ಮೊಬೈಲ್ ಪಟ್ಟಿ ಮಾಡಲು ಮಾತ್ರ ಸಾಕು. ಅದು ತನ್ನಷ್ಟಕ್ಕೆ ಅಕ್ಷರ ತೀಡುತ್ತದೆ, ಬಣ್ಣ ಬದಲಿಸುತ್ತದೆ. ಸ್ಕ್ಯಾನರ್ ಆಪ್‌ಗಳಂತೂ ಗರಿಯ ಬಣ್ಣವನ್ನೇ ಬಿಳಿ ಮಾಡಿಬಿಡುತ್ತವೆ.

ಎಷ್ಟು ಪಿಕ್ಸೆಲ್ ಬೇಕು? ಮೂಲದ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ಕನಿಷ್ಠ, ಸಣ್ಣ ಅಕ್ಷರದ ಓಲೆಗೆ 400ರಿಂದ 600 ಇದ್ದರೆ ಒಳ್ಳೆಯದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ. 50 ಸೆಂಟಿಮೀಟರ್ ಗರಿ ಎಂದರೆ ಸುಮಾರು 20 ಇಂಚು. ಒಂದೇ ಚಿತ್ರದಲ್ಲಿ ಹಿಡಿದರೆ ಇಂಚಿಗೆ ಹೆಚ್ಚುಕಡಿಮೆ 300, ಅಂದರೆ ಕನಿಷ್ಠಕ್ಕೆ ಬಂದು ನಿಂತಿತು. ಎಡ, ಬಲ ಎಂದು 30 ಸೆಂಟಿಮೀಟರಿನಂತೆ ಎರಡು ಚಿತ್ರ ತೆಗೆದು, ನಡುವಿನ ಸ್ವಲ್ಪ ಭಾಗ ಎರಡರಲ್ಲೂ ಬರುವಂತೆ ಮಾಡಿದರೆ 500ರ ಹತ್ತಿರ ಬರುತ್ತದೆ. ಇಡೀ ಗರಿಯ ಒಂದು, ಅರ್ಧದ ಎರಡು, ಹೀಗೆ ಮೂರು ಚಿತ್ರ ತೆಗೆಯುವುದು ನನಗೆ ಇಷ್ಟ. ಕೆಲಸ ಹೆಚ್ಚು, ಆದರೆ ಇದೇ ಗರಿಗಳನ್ನು ಮತ್ತೊಮ್ಮೆ ಬಿಚ್ಚುವ ಪ್ರಸಂಗ ತಪ್ಪುತ್ತದೆ.

ಮ್ಯಾಕ್ರೋ ಲೆನ್ಸ್, ಎಫ್ 8, ಐಎಸ್‌ಒ 100, ರಿಮೋಟ್ ಬಟನ್. ಕ್ಯಾಮೆರಾ ನೆಟ್ಟಗಿದೆಯೇ ಎಂದು ನೋಡಲು ಗರಿ ಇಡುವ ಜಾಗದಲ್ಲಿ ಚಪ್ಪಟೆ ಕನ್ನಡಿ ಇಡಿ. ಲೆನ್ಸಿನ ಬಿಂಬ ಚಿತ್ರದ ನಟ್ಟನಡುವೆ ಕಂಡರೆ ಸರಿ. ಬಣ್ಣ ನಿಜವಾಗಿ ತೋರಿಸುವ ಎರಡು ಎಲ್‌ಇಡಿ ದೀಪ, ಎರಡು ಬದಿಯಿಂದ 45 ಡಿಗ್ರಿಯಲ್ಲಿ. ಕಿಟಕಿಗೆ ಪರದೆ ಹಾಕಿ, ಕೋಣೆಯ ದೀಪ ಆರಿಸಿ. ಪ್ರತಿ ಕಟ್ಟಿನ ಮೊದಲ ಚಿತ್ರದಲ್ಲಿ ಬಣ್ಣದ ಚಾರ್ಟ್ ಇರಲಿ, ಪ್ರತಿ ಚಿತ್ರದಲ್ಲೂ ಅಳತೆಪಟ್ಟಿ ಇರಲಿ.

ಹಿನ್ನೆಲೆಗೆ ಕಪ್ಪು ಬಟ್ಟೆ ಹಾಸುವುದು ರೂಢಿ. ನಾನು ಬೂದು ಕಾಗದ ಹಾಸಲು ಹೇಳುತ್ತೇನೆ. ಕಪ್ಪಿನ ಮೇಲೆ ಹುಳುವಿನ ತೂತು ಮಸಿಯ ಚುಕ್ಕೆಯಂತೆ ಕಂಡು, ಓದುವವನು ಇಲ್ಲದ ಅನುಸ್ವಾರ ಓದುತ್ತಾನೆ.

ಮಸಿ ಹೋಗಿರುವ ಕೊರೆದ ಗರಿಗೆ ಹೊಸದಾಗಿ ಮಸಿ ಹಚ್ಚುವ ಆತುರ ಬೇಡ. ಒಂದು ದೀಪ ಆರಿಸಿ, ಇನ್ನೊಂದನ್ನು ಬಹಳ ತಗ್ಗಿಸಿ ಪಕ್ಕದಿಂದ ಬೆಳಕು ಬಿಡಿ. ಗೀರಿನ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಗರಿಯೇ ಕಪ್ಪಾಗಿ, ಮೇಲೆ ಬರೆದ ಇಂಗಾಲದ ಮಸಿ ಕಾಣದಿದ್ದರೆ ಇನ್‌ಫ್ರಾರೆಡ್ ಚಿತ್ರ ಸಹಾಯ ಮಾಡುತ್ತದೆ. ಆ ಬೆಳಕಿನಲ್ಲಿ ಕಂದು ಬಣ್ಣ ತಿಳಿಯಾಗುತ್ತದೆ, ಇಂಗಾಲ ಕಪ್ಪಾಗಿಯೇ ಉಳಿಯುತ್ತದೆ.

ಮೂರು ಜನ ಬೇಕು. ಒಬ್ಬರು ಗರಿ ಇಡಲು, ಒಬ್ಬರು ಕ್ಯಾಮೆರಾಕ್ಕೆ, ಒಬ್ಬರು ಸಂಖ್ಯೆ ಹೇಳಿ ಬರೆಯಲು. ಮಾಟುಂಗ, ಡೊಂಬಿವಲಿ, ಪುಣೆಯ ನಮ್ಮ ಕನ್ನಡ ಬಳಗಗಳಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು ಬಹಳ ಜನ ಇದ್ದಾರೆ ಅಲ್ವಾ? ಲೆಡ್ಜರ್ ಬರೆದ ಕೈ, ಮಕ್ಕಳ ಕಾಪಿ ತಿದ್ದಿದ ಕಣ್ಣು. ಈ ಕೆಲಸಕ್ಕೆ ಅವರನ್ನು ಕರೆಯಿರಿ. ಬರಹ ಇಲ್ಲದ ಬದಿ, ಹಲಗೆ, ಬಟ್ಟೆ, ನಡುವೆ ಸಿಕ್ಕ ಚೀಟಿ, ಎಲ್ಲದರ ಚಿತ್ರವೂ ಬೇಕು. ಅದೇ ದಿನ ಸಂಜೆ ನಾಲ್ಕನೆಯವರೊಬ್ಬರು ಚಿತ್ರಗಳನ್ನು ಪಟ್ಟಿಯೊಂದಿಗೆ ತಾಳೆ ನೋಡಲಿ, ಗರಿಗಳು ಮೇಜಿನ ಮೇಲೆ ಇರುವಾಗಲೇ.

ಹಂತ 7: ಫೈಲುಗಳು

ಕ್ಯಾಮೆರಾದ ರಾ ಫೈಲ್ (ಏನೂ ತಿದ್ದದ ಮೂಲ ಚಿತ್ರ) ಇಟ್ಟುಕೊಳ್ಳಿ, ಅದರಿಂದ ಟಿಫ್ ಮಾಡಿ. ಟಿಫ್ ಮೂಲಪ್ರತಿ, ಅದನ್ನು ತಿದ್ದಬಾರದು. ಹಂಚಲು ಜೆಪೆಗ್ ಅಥವಾ ಪಿಡಿಎಫ್. 24 ಮೆಗಾಪಿಕ್ಸೆಲ್‌ನ ಒಂದು ಟಿಫ್ ಸುಮಾರು 72 ಎಂಬಿ. 200 ಗರಿ, ಎರಡು ಬದಿ, ಬದಿಗೆ ಮೂರು ಚಿತ್ರ ಎಂದರೆ 1200 ಚಿತ್ರ, 86 ಜಿಬಿ ದಾಟುತ್ತದೆ. ಡಿಸ್ಕ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ.

ಫೈಲ್ ಹೆಸರಿನಲ್ಲಿ ಗ್ರಂಥದ ಹೆಸರು ಬೇಡ, ನಾಳೆ ಗುರುತು ಬದಲಾಗಬಹುದು. 0007-0027-2-1 ಎಂದರೆ 7ನೇ ಕಟ್ಟು, 27ನೇ ಗರಿ, ಹಿಂಬದಿ, ಮೊದಲ ಚಿತ್ರ. ಮುಂದೆ ಸೊನ್ನೆ ಇಟ್ಟರೆ ಕ್ರಮ ತಪ್ಪುವುದಿಲ್ಲ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಮುಂಬೈಯಲ್ಲಿ ಒಂದು ಡಿಸ್ಕ್ ಇದ್ದರೆ ಇನ್ನೊಂದು ಪುಣೆಯಲ್ಲೋ ಧಾರವಾಡದಲ್ಲೋ ಇರಲಿ, ಮೂರನೆಯದು ಕ್ಲೌಡ್‌ನಲ್ಲಿ. ಪ್ರತಿ ಫೈಲಿಗೂ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಒಳಗಿನದರಿಂದ ಕಂಪ್ಯೂಟರ್ ಲೆಕ್ಕ ಹಾಕುವ ಸಂಖ್ಯೆ) ತೆಗೆದು ಪಟ್ಟಿಯೊಂದಿಗೆ ಇಡಿ. ಫೈಲಿನಲ್ಲಿ ಒಂದು ಬಿಟ್ ಕೆಟ್ಟರೂ ಆ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಹಾಳಾದದ್ದು ತಕ್ಷಣ ಗೊತ್ತಾಗುತ್ತದೆ.

ಹಂತ 8: ಓದುವಂತೆ ಮಾಡುವುದು, ಒಪ್ಪಿಸುವುದು

ಚಿತ್ರ ಇದ್ದರೆ ಸಾಲದು, ಹುಡುಕಲು ಬರುವ ಪಠ್ಯ ಬೇಕು. ಹಳೆಯ ಲಿಪಿಗಳಿಗೂ ಈಗ ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಕೊಡುವ ಸಂಕೇತ) ಇದೆ. ಶಾರದಾ 2012ರಲ್ಲಿ, ಸಿದ್ಧಂ 2014ರಲ್ಲಿ, ನೇವಾರಿ 2016ರಲ್ಲಿ ಸೇರಿದವು. ಕೈಬರಹ ಓದುವ ತಂತ್ರಾಂಶಕ್ಕೆ ಮೊದಲು ಕೆಲವು ಹತ್ತು ಗರಿಗಳನ್ನು ಮನುಷ್ಯರೇ ಓದಿ ತಿದ್ದಿ ಕೊಡಬೇಕು. ಸಿಂಹಳ, ಬರ್ಮಾದ ದುಂಡು ಅಕ್ಷರಗಳು ಕನ್ನಡದ ಕಣ್ಣಿಗೆ ಬೇಗ ಒಗ್ಗುತ್ತವೆ, ಎಲ್ಲದರ ಮೂಲವೂ ಬ್ರಾಹ್ಮಿಯೇ. ಪುಣೆ ವಿಶ್ವವಿದ್ಯಾಲಯದ ಪಾಲಿ ವಿಭಾಗದಲ್ಲಿ ವಿಚಾರಿಸಿದರೆ ಓದಿ ನೋಡುವವರು ಸಿಗಬಹುದು.

ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಜ್ಞಾನ ಭಾರತಂ ಯೋಜನೆ ಘೋಷಿಸಿತು. 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆ ಅದರ ಗುರಿ. ನಿಮ್ಮ ಪಟ್ಟಿ ಸಿದ್ಧವಿದ್ದರೆ ಅಲ್ಲಿ ಮಾತನಾಡುವುದು ಸುಲಭ. ಟಿಬೆಟಿನ ಗ್ರಂಥವಾದರೆ ಬುದ್ಧಿಸ್ಟ್ ಡಿಜಿಟಲ್ ರಿಸೋರ್ಸ್ ಸೆಂಟರ್‌ನ ಸಂಗ್ರಹದಲ್ಲಿ ಅದೇ ಗ್ರಂಥದ ಬೇರೆ ಪ್ರತಿ ಇದೆಯೇ ಎಂದು ಮೊದಲು ನೋಡಿ. 1999ರಿಂದ ಈ ಕೆಲಸ ಮಾಡುತ್ತಿರುವ ಸಂಸ್ಥೆ ಅದು.

ಚಿತ್ರಗಳ ಒಂದು ಪೂರ್ತಿ ಪ್ರತಿ ಮಾಲೀಕರಿಗೆ ಕೊಡಲೇಬೇಕು. ಜೊತೆಗೆ ಮುದ್ರಿಸಿದ ಪಟ್ಟಿ, ಮರಾಠಿಯಲ್ಲಿ. ಭಂತೇಜಿ ಬದಲಾದರೂ, ಟ್ರಸ್ಟಿನವರು ಬದಲಾದರೂ ಬೀರುವಿನಲ್ಲಿ ಏನಿದೆ ಎಂದು ಮುಂದಿನವರಿಗೆ ತಿಳಿಯಬೇಕು.

ಹಂತ 9: ವರ್ಷಕ್ಕೊಮ್ಮೆ

ದಿಗಂಬರ ಜೈನರಲ್ಲಿ ಶ್ರುತಪಂಚಮಿಯ ದಿನ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ಬಟ್ಟೆ ಸುತ್ತುವ ಪದ್ಧತಿ ಇದೆ. ವಿಹಾರದಲ್ಲೂ ಹಾಗೆ ಒಂದು ದಿನ ಗೊತ್ತು ಮಾಡಿ. ಆದರೆ ಮುಂಬೈ, ಪುಣೆಯಲ್ಲಿ ಮಳೆ ಪೂರ್ತಿ ನಿಂತ ಮೇಲಿನ ದಿನವೇ ಆಗಬೇಕು. ಆ ದಿನ ಪ್ರತಿ ಕಟ್ಟನ್ನೂ ಬಿಚ್ಚಿ ಹುಳು, ಬೂಷ್ಟು ನೋಡಿ, ಗರಿ ಎಣಿಸಿ, ಬಜೆ ಚೀಲ ಬದಲಿಸಿ, ಸ್ಥಿತಿಯನ್ನು ಪುಸ್ತಕದಲ್ಲಿ ತಾರೀಕು ಹಾಕಿ ಬರೆಯಿರಿ. ಅದೇ ದಿನ ಡಿಸ್ಕ್‌ಗಳನ್ನೂ ಕಂಪ್ಯೂಟರಿಗೆ ಹಾಕಿ ಚೆಕ್‌ಸಮ್ ಹೊಂದಿಸಿ. ವರ್ಷಗಟ್ಟಲೆ ಸುಮ್ನೆ ಕಪಾಟಿನಲ್ಲಿ ಬಿದ್ದ ಡಿಸ್ಕ್ ಬೇಕಾದಾಗ ತೆರೆಯದೇ ಹೋಗಬಹುದು. ಐದು ವರ್ಷಕ್ಕೊಮ್ಮೆ ಹೊಸ ಡಿಸ್ಕ್ ಕೊಂಡು ನಕಲು ಮಾಡಿ. ಹೊಸದರ ಚೆಕ್‌ಸಮ್ ಹಳೆಯದರೊಂದಿಗೆ ಪೂರ್ತಿ ಹೊಂದಿದ ಮೇಲೆಯೇ ಹಳೆಯದನ್ನು ತೆಗೆದುಹಾಕಿ.